ಬಿಸಿಲುಕೋಲಿನಿಂದ ಇಳಿದ ‘ಜರಾ’

ಅಕ್ಕನ ಮಗಳು ಅಮೆರಿಕದಿಂದ ರಜೆಗೆ ಬಂದಾಗ ಐದು ಪುಟ್ಟ ಸ್ಟೀಲ್ ಚಮಚಗಳ ಗೊಂಚಲೊಂದನ್ನು ತಂದಿದ್ದಳು. ಬೀಗದ ಕೈಗಳ ಹಾಗೆ ಒಂದೇ ಉಂಗುರಕ್ಕೆ ಪೋಣಿಸಿದ್ದವು. ದೊಡ್ಡದರ ಬಟ್ಟಲು ನನ್ನ ಕಿರುಬೆರಳ ತುದಿಯಷ್ಟಿತ್ತು. ಚಿಕ್ಕದರಲ್ಲಿ ಎಣಿಸಿ ಹಾಕಬಹುದಾದಷ್ಟು ಸಾಸಿವೆ ಕಾಳು ಹಿಡಿದರೆ ಹೆಚ್ಚು. ಹಿಡಿಕೆಗಳ ಮೇಲೆ ಇಂಗ್ಲಿಷಿನಲ್ಲಿ ಟ್ಯಾಡ್, ಡ್ಯಾಶ್, ಪಿಂಚ್, ಸ್ಮಿಡ್ಜನ್, ಡ್ರಾಪ್ ಎಂದು ಕೊರೆದಿತ್ತು. ಕಲಬುರಗಿಯ ನಮ್ಮ ಅಡುಗೆಮನೆಯಲ್ಲಿ ಅವ್ವ ಪುಂಡಿಪಲ್ಯಕ್ಕೆ ಒಗ್ಗರಣೆ ಇಟ್ಟಿದ್ದಳು.

“ಆಯಿ, ಇಂಗ ಏಟ್ ಹಾಕ್ತಿ?” ಎಂದು ಹುಡುಗಿ ಕೇಳಿದಳು.

“ಜರಾ.”

“ಜರಾ ಅಂದ್ರ ಇದರಾಗ ಯಾವ ಚಮಚ?”

ಅವ್ವ ಐದನ್ನೂ ತಿರುವಿ ನೋಡಿದಳು. “ಜರಾ ಅಂದ್ರ ಜರಾನೇ ನೋಡವ್ವಾ. ಅದಕ್ಯಾಕ ಚಮಚ ಬೇಕು?” ಎಂದವಳೇ ಎರಡು ಬೆರಳಲ್ಲಿ ಇಂಗು ತೆಗೆದು ಎಣ್ಣೆಗೆ ಉದುರಿಸಿದಳು.

ಆ ಚಮಚಗಳು ನನ್ನನ್ನು ಹಲವು ದಿನ ಬಿಡಲಿಲ್ಲ. ಸ್ಮಿಡ್ಜನ್ ಎಂದರೆ ಟೀ ಚಮಚದ 32ರಲ್ಲಿ ಒಂದು ಪಾಲು. ಪಿಂಚ್ ಎಂದರೆ 16ರಲ್ಲಿ ಒಂದು, ಡ್ಯಾಶ್ ಎಂದರೆ 8ರಲ್ಲಿ ಒಂದು. ಅಳತೆಯಿಲ್ಲದೆ ಆಡುತ್ತಿದ್ದ ಮಾತುಗಳನ್ನು ಹಿಡಿದು ಚಮಚ ತಯಾರಿಸುವವರು ಲೆಕ್ಕಕ್ಕೆ ಕಟ್ಟಿಹಾಕಿದ್ದಾರೆ. ಸ್ಮಿಡ್ಜನ್ ಹುಟ್ಟಿದಾಗ ಅದಕ್ಕೆ ಯಾವ ಲೆಕ್ಕವೂ ಇರಲಿಲ್ಲ. 19ನೇ ಶತಮಾನದ ನಡುವಿನ ಹೊತ್ತಿಗೆ ಅಮೆರಿಕದ ಬರಹಗಳಲ್ಲಿ ಆ ಮಾತು ಕಾಣಿಸಿಕೊಳ್ಳುತ್ತದೆ, ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ ಬರೆದಿದ್ದಾರೆ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಚೂರು, ಕಲೆ ಎಂಬ ಅರ್ಥದ ‘ಸ್ಮಿಚ್’ ಎಂಬುದರಿಂದ ಬಂದಿರಬೇಕು ಎಂಬುದು ನಿಘಂಟುಕಾರರ ಊಹೆ. ಹಳ್ಳಿಗರ ಬಾಯಲ್ಲಿ ಬೆಳೆದ ಮಾತಿಗೆ ಹುಟ್ಟಿದ ದಿನದ ದಾಖಲೆ ಇರುವುದಿಲ್ಲ. ನಮ್ಮ ಜರಾಕ್ಕೂ ಇಲ್ಲ. ಆದರೆ ಅದು ನಡೆದು ಬಂದ ದಾರಿಯನ್ನು ಮಾತ್ರ ಹಿಡಿದು ಹೋಗಬಹುದು. ಆ ದಾರಿ ನಮ್ಮ ಜಿಲ್ಲೆಯನ್ನು ಎರಡು ಸಲ ಹಾದುಹೋಗುತ್ತದೆ.

ಬೆಂಗಳೂರಿಗೆ ಹೋದ ನಮ್ಮ ಕಡೆಯವರು ಮೊದಲು ಕಲಿಯುವ ಮಾತು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’. ಕಲಬುರಗಿಗೆ ಬಂದವರು ಮೊದಲು ಕಲಿಯಬೇಕಾದದ್ದು ‘ಜರಾ’. ಕೇಂದ್ರ ಬಸ್ ನಿಲ್ದಾಣದಲ್ಲಿ ಕಮಲಾಪುರದ ಕಡೆಯ ಬಸ್ ಹತ್ತಿ ಅರ್ಧ ಗಂಟೆ ಕೂತರೆ ಸಾಕು. ‘ಜರಾ ಸರೀರಿ’, ‘ಜರಾ ಕೂಸಿನ್ನ ಹಿಡ್ಕೋರಿ’, ‘ಜರಾ ಕಿಡಕಿ ಮುಚ್ರಿ, ದೂಳ ಬರ್ಲಕತ್ತದ’, ‘ಜರಾ ತಡಿರಿ ಡ್ರೈವರ್ ಸಾಬ್, ಮುದುಕಿ ಇಳೀತಾಳ’. ಒಂದು ಮಾತಿಗಾದರೂ ಅಳತೆ ಇದೆಯೇ ನೋಡಿ. ಸರಿಯುವುದು ಎಷ್ಟು ಇಂಚು, ತಡೆಯುವುದು ಎಷ್ಟು ಹೊತ್ತು ಎಂದು ಯಾರೂ ಹೇಳುವುದಿಲ್ಲ. ಕೂಸನ್ನು ಜರಾ ಹಿಡಿಯುವುದು ಎಂದರೆ ಏನು? ಹಿಡಿದರೆ ಇಡೀ ಕೂಸನ್ನೇ ಹಿಡಿಯಬೇಕು. ಇಲ್ಲಿ ಜರಾ ಎಂಬುದು ಕೂಸಿನ ಅಳತೆಯಲ್ಲ, ನಾನು ನಿಮಗೆ ಕೊಡುತ್ತಿರುವ ತೊಂದರೆಯ ಅಳತೆ. ಅದನ್ನು ಕಡಿಮೆ ಮಾಡಿ ಹೇಳುವುದೇ ಅದರ ಕೆಲಸ. ಜರಾ ತೆಗೆದು ‘ಸರೀರಿ’ ಎಂದಷ್ಟೇ ಹೇಳಿ ನೋಡಿ, ಅದೇ ‘ರಿ’ ಇದ್ದರೂ ಮಾತು ಒರಟಾಗುತ್ತದೆ.

ಈ ಮಾತಿಗಾಗಿ ನಾನು ಒಮ್ಮೆ ತಲೆ ತಗ್ಗಿಸಿದ್ದೇನೆ. ಆರನೇ ಇಯತ್ತೆಯಲ್ಲಿದ್ದಾಗ ‘ನಮ್ಮ ಮನೆ’ ಎಂಬ ಪ್ರಬಂಧದಲ್ಲಿ ‘ನಮ್ಮಪ್ಪ ಜರಾ ತಡವಾಗಿ ಬರುತ್ತಾರೆ’ ಎಂದು ಬರೆದಿದ್ದೆ. ಕನ್ನಡ ಕಲಿಸುವವರು ಜರಾದ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಮೇಲೆ ‘ಸ್ವಲ್ಪ’ ಎಂದು ಬರೆದರು. ಅಷ್ಟಕ್ಕೇ ಬಿಡಲಿಲ್ಲ. ಎಬ್ಬಿಸಿ ನಿಲ್ಲಿಸಿ, ‘ಇದು ಕನ್ನಡ ಏನು? ಶುದ್ಧ ಕನ್ನಡ ಬರೆಯುವುದನ್ನು ಯಾವಾಗ ಕಲಿಯುತ್ತೀರಿ ನೀವು?’ ಎಂದರು. ‘ನೀವು’ ಎಂದದ್ದು ನನ್ನೊಬ್ಬನಿಗಲ್ಲ, ಈ ಸೀಮೆಗೇ ಎಂಬುದು ಆ ವಯಸ್ಸಿನಲ್ಲೂ ತಿಳಿಯಿತು. ಅಂದಿನಿಂದ ಬರವಣಿಗೆಯಲ್ಲಿ ಜರಾ ಬರದಂತೆ ಬಹಳ ವರ್ಷ ನೋಡಿಕೊಂಡೆ. ಮನೆಯಲ್ಲಿ ಜರಾ, ಹಾಳೆಯ ಮೇಲೆ ಸ್ವಲ್ಪ.

ಆಮೇಲೆ ತಿಳಿಯಿತು, ‘ಸ್ವಲ್ಪ’ ಎಂಬುದು ‘ಸು’ ಮತ್ತು ‘ಅಲ್ಪ’ ಸೇರಿ ಆದ ಸಂಸ್ಕೃತ ಪದ. ನಮ್ಮ ಗುರುಗಳು ಹೊರಗಿನ ಪದವನ್ನು ತೆಗೆದು ಕನ್ನಡದ ಪದವನ್ನು ಇಟ್ಟದ್ದಲ್ಲ. ಒಂದು ದಾರಿಯಲ್ಲಿ ಬಂದ ನೆಂಟನನ್ನು ಎಬ್ಬಿಸಿ ಇನ್ನೊಂದು ದಾರಿಯಲ್ಲಿ ಬಂದ ನೆಂಟನನ್ನು ಕೂರಿಸಿದರು. ಅಚ್ಚಗನ್ನಡವೇ ಬೇಕಿದ್ದರೆ ‘ತುಸು’ ಇತ್ತು, ‘ಇನಿಸು’ ಇತ್ತು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಇವತ್ತಿಗೂ ಆಡುವ ‘ಒಂದೀಟು’, ‘ಒಸಿ’ ಇದ್ದವು. ಒಂದೀಟು ನನಗೆ ಬಹಳ ಇಷ್ಟದ ಮಾತು. ‘ಈ’ ಎಂದು ಬೆರಳು ಮಾಡಿ ತೋರಿಸುವುದರಿಂದಲೇ ಹುಟ್ಟಿದ ಮಾತು ಅದು. ಹೇಳುವವರ ಹೆಬ್ಬೆರಳು ತೋರುಬೆರಳ ತುದಿಯನ್ನು ಮುಟ್ಟದೆ ಆ ಮಾತು ಬಾಯಿಂದ ಹೊರಡುವುದೇ ಕಷ್ಟ.

‘ಶುದ್ಧ ಕನ್ನಡ’ದ ಮಾತಿಗೆ ಮತ್ತೆ ಬಂದರೆ, ನಮ್ಮ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಶ್ರೀವಿಜಯ ಬರೆದ ‘ಕವಿರಾಜಮಾರ್ಗ’ ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ. ಕನ್ನಡ ಒಂದಲ್ಲ, ಕನ್ನಡಗಳು ಎಂದು ಬಹುವಚನದಲ್ಲಿ ಹೇಳಿದ ಪುಸ್ತಕ ಅದು. ದೇಸಿಗಳು ಬೇರೆ ಬೇರೆ ಆಗಿರುವುದರಿಂದ ಈ ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ಗೊತ್ತುಮಾಡಲು ಹೊರಟರೆ ವಾಸುಕಿಗೂ ಬೇಸರ ಬಂದೀತು ಎಂಬ ಅರ್ಥದ ಪದ್ಯ ಅದರಲ್ಲಿದೆ. ಆ ಪದ್ಯದಲ್ಲೇ ಅಳತೆಯ ಹಳೆಯ ಮಾತು ‘ಇನಿತು’ ಬರುತ್ತದೆ. ಕೆಂಪು ಶಾಯಿಯ ಪೆನ್ನು ಹಿಡಿದವರಿಗೆ ಇದೇ ನೆಲದಿಂದ ಸಾವಿರ ವರ್ಷಕ್ಕೂ ಮೊದಲೇ ಉತ್ತರ ಹೋಗಿತ್ತು. ನನಗೆ ಆಗ ಗೊತ್ತಿರಲಿಲ್ಲ.

ಜರಾದ ದಾರಿಯನ್ನು ಹಿಂದಕ್ಕೆ ಹಿಡಿದರೆ ಮೊದಲು ಸಿಗುವುದು ದಖನಿ, ಅಂದರೆ ನಮ್ಮ ಕಡೆಯ ಮುಸಲ್ಮಾನರು ಮನೆಯಲ್ಲಿ ಆಡುವ, ಕನ್ನಡ, ಮರಾಠಿ, ತೆಲುಗುಗಳ ನಡುವೆ ಬೆಳೆದ ಭಾಷೆ. ದೌಲತಾಬಾದಿನಲ್ಲಿ ದೆಹಲಿಯ ವಿರುದ್ಧ ದಂಗೆ ಎದ್ದ ಅಮೀರರು 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹನನ್ನು ಪಟ್ಟಕ್ಕೆ ಕೂರಿಸಿದರು; ಅವನು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. ರಾಜಧಾನಿ ಬೀದರಿಗೆ ಹೋಗುವವರೆಗೆ, ಹೆಚ್ಚುಕಡಿಮೆ ಮುಕ್ಕಾಲು ಶತಮಾನ, ಈ ಊರಿನ ಪೇಟೆಗಳಲ್ಲಿ ಉತ್ತರದಿಂದ ಬಂದ ಸಿಪಾಯಿಗಳು, ವ್ಯಾಪಾರಿಗಳು, ಸೂಫಿಗಳು, ಕುಶಲಕರ್ಮಿಗಳು ತುಂಬಿದ್ದರು. ಆಸ್ಥಾನದ ಕಾಗದಪತ್ರ ಪರ್ಷಿಯನ್ನಿನಲ್ಲಿ ನಡೆಯುತ್ತಿತ್ತು, ಸಂತೆಯಲ್ಲಿ ಅದು ನಡೆಯುತ್ತಿರಲಿಲ್ಲ. ಸಂತೆಗೆ ಬೇಕಾದ ಮಾತು ಸಂತೆಯಲ್ಲೇ ಬೆಳೆಯಿತು. ಬಹಮನಿ ಸುಲ್ತಾನ ಫಿರೋಜ್ ಶಾಹನ ಕಾಲದಲ್ಲಿ, 1400ರ ಸುಮಾರಿಗೆ, ವಯಸ್ಸಾದ ಮೇಲೆ ಇಲ್ಲಿಗೆ ಬಂದ ಸೂಫಿ ಸಂತ ಖ್ವಾಜಾ ಬಂದೇ ನವಾಜರು 1422ರಲ್ಲಿ ಇಲ್ಲೇ ದೇಹ ಬಿಟ್ಟರು. ಇವತ್ತಿಗೂ ಅವರ ದರ್ಗಾಕ್ಕೆ ಬರುವ ಹಳ್ಳಿಯ ಹೆಣ್ಣುಮಕ್ಕಳು ಯಾವ ಭಾಷೆಯಲ್ಲಿ ಬೇಡಿಕೊಂಡರೂ ಆ ಬೇಡಿಕೆಯಲ್ಲಿ ಒಂದು ಜರಾ ಇರುತ್ತದೆ.

ಹೊಸ ಊರಿಗೆ ಬಂದವನು ಮೊದಲು ಕೊಡುವ ಮತ್ತು ಕೊಳ್ಳುವ ಪದಗಳು ಇಂಥವೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರು ಜಪಾನಿಗಳ ‘ಸುಕೋಶಿ’ ಎಂಬ ಮಾತನ್ನು ಕಲಿತು, ‘ಸ್ಕೋಶ್’ ಎಂದು ಮೊಟಕು ಮಾಡಿ ಊರಿಗೆ ಒಯ್ದರು. ಸುಕೋಶಿ ಎಂದರೂ ಜರಾ ಎಂದೇ ಅರ್ಥ. ಜಪಾನಿನ ದೊಡ್ಡ ಕಾವ್ಯ, ದರ್ಶನ ಯಾವುದೂ ಆ ಸೈನಿಕರ ನಾಲಗೆಗೆ ಹತ್ತಲಿಲ್ಲ. ಅಂಗಡಿಯ ಮುಂದೆ ನಿಂತು ‘ಇನ್ನಷ್ಟು’, ‘ಸಾಕು’, ‘ಚೂರು’ ಎನ್ನಲು ಬೇಕಾದದ್ದು ಹತ್ತಿತು.

ದಖನಿ ಮತ್ತು ಉರ್ದುವಿನ ಜರಾಕ್ಕೆ ಮೂಲ ಅರಬ್ಬಿಯ ‘ಜರ್ರಾ’. ಅದು ಪರ್ಷಿಯನ್ನಿನ ಮೂಲಕ ಬಂತು. ಮರಾಠಿಗೂ ಅದೇ ಜರಾ ಹೋಗಿದೆ. ಇಲ್ಲಿಯವರೆಗೆ ಎಲ್ಲ ನಿಘಂಟೂ ಹೇಳುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಜರ್ರಾಕ್ಕೆ ಅರಬ್ಬಿ ನಿಘಂಟುಗಳು ಕೊಡುವ ಅರ್ಥ. ಮೊದಲ ಅರ್ಥ, ತೀರ ಸಣ್ಣ ಇರುವೆ. ಇನ್ನೊಂದು ಅರ್ಥ, ಕಿಂಡಿಯಿಂದ ಒಳಗೆ ಬೀಳುವ ಬಿಸಿಲಿನಲ್ಲಿ ತೇಲಾಡುವ ಧೂಳಿನ ಕಣ. ಕುರಾನಿನ 99ನೇ ಅಧ್ಯಾಯದಲ್ಲಿ, ಮನುಷ್ಯ ಮಾಡಿದ ಒಳಿತು ಕೆಡುಕು ಎಷ್ಟೇ ಸಣ್ಣದಾದರೂ ಲೆಕ್ಕಕ್ಕೆ ಬರುತ್ತದೆ ಎನ್ನುವ ಕಡೆ ಅಳತೆಗೆ ಬಳಸಿದ ಮಾತು ಇದೇ. ಅಲ್ಲಿ ಆ ಕಣದ ತೂಕಕ್ಕೆ ‘ಮಿಸ್ಕಾಲ್’ ಎಂಬ ಪದವಿದೆ, ಅದೂ ಚಿನ್ನ ತೂಗುವ ಒಂದು ಅಳತೆಯ ಹೆಸರು.

ನಮ್ಮ ಭಾಷೆಯಲ್ಲಿ ಆ ಬೆಳಕಿನ ಪಟ್ಟಿಗೆ ‘ಬಿಸಿಲುಕೋಲು’ ಎಂಬ ಹೆಸರಿದೆ. ಕಲಬುರಗಿಯಲ್ಲಿ ಹುಟ್ಟಿ ಬೆಳೆದವರಿಗೆ ಅದನ್ನು ವಿವರಿಸಿ ಹೇಳಬೇಕಿಲ್ಲ. ತೊಗರಿ ಕಣಜ ಎನ್ನುವ ನಮ್ಮ ಊರಿನ ಸುತ್ತಮುತ್ತ ಬೇಳೆ ಮಿಲ್ಲುಗಳಿವೆ. ಮಿಲ್ಲಿನ ತಗಡಿನ ಮಾಡಿಗೆ ಎಲ್ಲೋ ಒಂದು ಮೊಳೆಯ ತೂತು ಇದ್ದೇ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದರಿಂದ ಇಳಿಯುವ ಕೋಲಿನಲ್ಲಿ ತೊಗರಿಯ ಹೊಟ್ಟಿನ ಹಳದಿ ಧೂಳು ಏರುತ್ತ ಇಳಿಯುತ್ತ ಇರುತ್ತದೆ. ಕೈ ಚಾಚಿದರೆ ಸಿಕ್ಕುವುದಿಲ್ಲ, ಬಿಸಿಲಿನಿಂದ ಈಚೆ ಬಂದ ಕ್ಷಣ ಕಾಣುವುದೂ ಇಲ್ಲ. ಕೋಟೆಯೊಳಗಿನ ಜಾಮಿ ಮಸೀದಿಯಲ್ಲಿ ಬಿಸಿಲುಕೋಲು ಇನ್ನೊಂದು ಬಗೆ. 1367ರಲ್ಲಿ ಕಟ್ಟಿದ ಆ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಇಡೀ ಕಟ್ಟಡ ಗುಮ್ಮಟಗಳ ಕೆಳಗಿದೆ. ಕಮಾನುಗಳ ಸಾಲಿನಲ್ಲಿ ನೆರಳು ದಟ್ಟವಾಗಿರುವುದರಿಂದಲೇ ಹೊರಗಿನಿಂದ ಬೀಳುವ ಬೆಳಕು ಕತ್ತರಿಸಿದ ಹಾಗೆ ಬಿದ್ದಿರುತ್ತದೆ. ಆ ಬೆಳಕಿನಲ್ಲಿ ತೇಲುವುದೇ ಜರ್ರಾ.

ಈಗ ಎರಡನೇ ದಾರಿ. ಕಲಬುರಗಿಯಿಂದ ದೂರವಿಲ್ಲದ ಮರ್ತೂರು ಎಂಬ ಊರು ವಿಜ್ಞಾನೇಶ್ವರನದು ಎಂದು ಶಾಸನದ ಆಧಾರದಿಂದ ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಕಲ್ಯಾಣದಲ್ಲಿ ಆಳಿದ ಆರನೇ ವಿಕ್ರಮಾದಿತ್ಯನ (1076–1126) ಆಸ್ಥಾನದಲ್ಲಿ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರ’. ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಭಾಗದಲ್ಲಿ ಹಿಂದೂಗಳ ಆಸ್ತಿ ಪಾಲಿನ ಕಾನೂನು ನಿಂತದ್ದು ಅದರ ಮೇಲೆ. ಹೆಸರಿನಲ್ಲೇ ‘ಮಿತ’ ಇದೆ, ಅಳೆದು ಬಳಸಿದ ಅಕ್ಷರಗಳ ಪುಸ್ತಕ. ಆ ಸ್ಮೃತಿಯ ಮೊದಲ ಅಧ್ಯಾಯದ ಕೊನೆಯ ಹೊತ್ತಿಗೆ ತೂಕಗಳ ಲೆಕ್ಕ ಬರುತ್ತದೆ. ಲೆಕ್ಕ ಶುರುವಾಗುವುದು ಎಲ್ಲಿಂದ? ಜಾಲಂದ್ರದಿಂದ ಬೀಳುವ ಸೂರ್ಯನ ಕಿರಣದಲ್ಲಿ ಕಾಣುವ ಧೂಳಿನ ಕಣದಿಂದ. ಅದರ ಹೆಸರು ತ್ರಸರೇಣು.

ಎಂಟು ತ್ರಸರೇಣು ಸೇರಿದರೆ ಒಂದು ಲಿಕ್ಷಾ, ಅಂದರೆ ಹೇನಿನ ಮೊಟ್ಟೆ, ನಮ್ಮ ಸೀರು. ಮೂರು ಸೀರಿಗೆ ಒಂದು ಕರಿ ಸಾಸಿವೆ. ಮೂರು ಕರಿ ಸಾಸಿವೆಗೆ ಒಂದು ಬಿಳಿ ಸಾಸಿವೆ. ಆರು ಬಿಳಿ ಸಾಸಿವೆಗೆ ಒಂದು ಜವೆ ಕಾಳು. ಮೂರು ಜವೆಗೆ ಒಂದು ಕೃಷ್ಣಲ, ಅಂದರೆ ಗುಲಗಂಜಿ. ಗುಣಿಸಿ ನೋಡಿದೆ, ಒಂದು ಗುಲಗಂಜಿಗೆ 1,296 ಬಿಸಿಲುಕೋಲಿನ ಕಣಗಳು. ಮನುಸ್ಮೃತಿಯ ಎಂಟನೇ ಅಧ್ಯಾಯದಲ್ಲೂ ಇದೇ ಮೆಟ್ಟಿಲುಗಳಿವೆ. ಧೂಳನ್ನು ಯಾರೂ ಎಣಿಸಿ ತೂಗಿರಲಾರರು. ಆದರೆ ಅಳತೆ ಎಂಬುದು ಕಣ್ಣಿಗೆ ಕಾಣುವ ಅತಿ ಸಣ್ಣ ವಸ್ತುವಿನಿಂದ ಶುರುವಾಗಬೇಕು ಎಂದು ಅವರಿಗೆ ಅನ್ನಿಸಿತ್ತು. ಅರಬರಿಗೂ ಹಾಗೇ ಅನ್ನಿಸಿತ್ತು. ಮರ್ತೂರಿನ ಪಂಡಿತ ತನ್ನ ಟೀಕೆಯಲ್ಲಿ ಆ ಕಣವನ್ನು ದಾಟಿ ಹೋದ ಎರಡು ಎರಡೂವರೆ ಶತಮಾನದ ಮೇಲೆ, ಅದೇ ಕಣದ ಅರಬ್ಬಿ ಹೆಸರು ಅದೇ ಸೀಮೆಗೆ ಬಂದು ಇಳಿಯಿತು. ಸಂಸ್ಕೃತದ ತ್ರಸರೇಣು ಪುಸ್ತಕದಲ್ಲೇ ಉಳಿದುಕೊಂಡಿತು. ‘ಅಣುರೇಣುತೃಣಕಾಷ್ಠ’ ಎನ್ನುವಾಗ ಅದರ ಬಾಲ ಮಾತ್ರ ನಮ್ಮ ಬಾಯಿಗೆ ಬರುತ್ತದೆ. ಅರಬ್ಬಿಯದು ಬಸ್ಸು ಹತ್ತಿ ಕಮಲಾಪುರಕ್ಕೆ ಹೊರಟಿದೆ.

ಗುಲಗಂಜಿಯ ವಿಷಯ ಬಂದದ್ದರಿಂದ ಒಂದು ಮಾತು. ಕೆಂಪು ಮೈ, ಕರಿ ಮೂತಿಯ ಆ ಬೀಜ ಬೇಲಿಯ ಬಳ್ಳಿಯಲ್ಲಿ ಬಿಡುತ್ತದೆ. ಒಳಗೆ ವಿಷ. ಆದರೆ ಒಂದು ಬೀಜಕ್ಕೂ ಇನ್ನೊಂದಕ್ಕೂ ತೂಕದಲ್ಲಿ ಅಂಥ ವ್ಯತ್ಯಾಸ ಕಾಣದ್ದರಿಂದ ಅಕ್ಕಸಾಲಿಗರು ಅದನ್ನೇ ತೂಕದ ಕಲ್ಲು ಮಾಡಿಕೊಂಡರು. ಅದೇ ರತ್ತಿ. ಎಂಟು ರತ್ತಿಗೆ ಒಂದು ಮಾಸ, ಹನ್ನೆರಡು ಮಾಸಕ್ಕೆ ಒಂದು ತೊಲ. ಇವತ್ತಿನ ಲೆಕ್ಕಕ್ಕೆ ತೊಲ ಎಂದರೆ 11.66 ಗ್ರಾಂ, ಗುಲಗಂಜಿ ಒಂದಕ್ಕೆ ಸುಮಾರು 0.12 ಗ್ರಾಂ. ಪಶ್ಚಿಮದಲ್ಲಿ ವಜ್ರ ತೂಗುವ ಕ್ಯಾರಟ್ ಕೂಡ ಹೀಗೇ ಕ್ಯಾರಬ್ ಎಂಬ ಮರದ ಬೀಜದಿಂದ ಬಂದದ್ದು. ಈಗ ಸರಾಫ ಬಜಾರಿನಲ್ಲಿ ಗುಲಗಂಜಿ ಹಾಕಿ ತೂಗುವವರಿಲ್ಲ. ಆದರೆ ‘ಗುಲಗಂಜಿಯಷ್ಟೂ ಸುಳ್ಳಿಲ್ಲ’ ಎನ್ನುವವರು ಇದ್ದಾರೆ. ಕರಾರುವಾಕ್ಕಾದ ತೂಕ ಹೋಗಿ ಬರಿಯ ಮಾತು ಉಳಿದಿದೆ.

ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ದೇವಸ್ಥಾನಕ್ಕೆ ಬಿಟ್ಟ ಸುಂಕದ ಲೆಕ್ಕ ನೋಡಿದರೆ ಹಾಗ, ವೀಸ ಎಂಬ ನಾಣ್ಯಗಳು ಸಿಗುತ್ತವೆ. ಹಾಗ ಎಂದರೆ ಪಣದ ಕಾಲು ಭಾಗ, ವೀಸ ಎಂದರೆ 16ರಲ್ಲಿ ಒಂದು. ಆಗ ವೀಸ ಎಂದರೆ ವೀಸವೇ, ಒಂದು ಕಡಿಮೆಯಾದರೆ ಗುಡಿಯವರು ಕೇಳುತ್ತಿದ್ದರು. ಈಗ ಓದಿದವರು ‘ವೀಸದಷ್ಟೂ ಅನುಮಾನವಿಲ್ಲ’ ಎಂದು ಬರೆಯುತ್ತಾರೆ. ಅಕ್ಕನ ಮಗಳ ಪಿಂಚ್ ಚಮಚ ಸರಿಯಾಗಿ ಒಂದು ವೀಸ ಚಮಚ ಎಂದು ಅವಳಿಗೆ ಹೇಳಿದಾಗ ಅವಳಿಗಿಂತ ನನಗೇ ಹೆಚ್ಚು ಖುಷಿಯಾಯಿತು.

‘ಪಾವ್’ ಎಂಬುದೂ ಹೀಗೆ ಅಲೆದಾಡಿದ ಪದ. ಸಂಸ್ಕೃತದ ಪಾದ ಸವೆದು ಪಾವ್ ಆಯಿತು. ನಾಲ್ಕು ಕಾಲಿನ ದನದಲ್ಲಿ ಒಂದು ಕಾಲು ಎಂದರೆ ನಾಲ್ಕರಲ್ಲಿ ಒಂದು. ಕನ್ನಡಿಗರೂ ಅದನ್ನೇ ಬೇರೆಯಾಗಿ ಯೋಚಿಸಿ ‘ಕಾಲು’ ಎಂದೇ ಕರೆದರು. ನಮ್ಮಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ಕಿರಾಣಾ ಅಂಗಡಿಯಲ್ಲಿ ಪಾವ್ ಕಿಲೋ ಚಹಾಪುಡಿ ಕೇಳುವ ಬಾಯಿಯೇ ಕಾಲು ಗಂಟೆ ತಡವಾಯಿತು ಎನ್ನುತ್ತದೆ. ಸೇರು ಎಂದರೆ 80 ತೊಲ, ಸೇರಿಗೆ 16 ಚಟಾಕು, ಚಟಾಕಿಗೆ ಐದು ತೊಲ. ಈಗಿನ 58 ಗ್ರಾಂ ಚಿಲ್ಲರೆ. ಅವ್ವ ಹೊಸ ಸೊಸೆಯಾಗಿ ಈ ಮನೆಗೆ ಬಂದಾಗ ಜೋಳ ಅಳೆಯಲು ಹಿತ್ತಾಳೆಯ ಸೇರು, ಅಚ್ಛೇರು, ಪಾವಸೇರು, ಚಟಾಕು ಒಂದರೊಳಗೊಂದು ಕೂರುತ್ತಿದ್ದವಂತೆ, ಗೂಡಿನಲ್ಲಿ ಮರಿಗಳು ಕೂತ ಹಾಗೆ. ಅದರಲ್ಲಿ ಚಟಾಕು ಒಂದು ಉಳಿದಿದೆ. ಅಂಚು ಸವೆದು ಒಂದು ಕಡೆ ತಗ್ಗಾಗಿದೆ. ದೇವರ ಮುಂದೆ ಅಕ್ಷತೆ ಇಡಲು ಬಳಸುತ್ತಾಳೆ.

ನಿಜಾಮರ ಕಾಲದ ಹಣದ ಕತೆಯೂ ಇದೇ. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಹಾಲಿ ಸಿಕ್ಕಾ ಇತ್ತು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತಕ್ಕೆ ಸೇರಿದ ಮೇಲೂ ಅದು ಕೆಲವು ವರ್ಷ ಚಲಾವಣೆಯಲ್ಲಿತ್ತು. 1950ರಲ್ಲಿ ಏಳು ಹಾಲಿ ರೂಪಾಯಿಗೆ ಆರು ಭಾರತದ ರೂಪಾಯಿ ಎಂದು ಗೊತ್ತುಮಾಡಿದರು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು, 1959ಕ್ಕೆ ಹಾಲಿ ಸಿಕ್ಕಾ ಪೂರ್ತಿ ರದ್ದಾಯಿತು, ಸೇರಿನ ಜಾಗಕ್ಕೆ ಕಿಲೋ ಬಂತು. ಅಜ್ಜನ ಕಾಲದವರು ಉರ್ದುವಿನಲ್ಲಿ ಓದಿ, ಉರ್ದುವಿನಲ್ಲಿ ಅರ್ಜಿ ಬರೆದವರು. ಸೂಬೇದಾರರು ಹೋದರು, ಸೂಬಾ ಹೋಯಿತು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 2014ರಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿ ಬಂತು. ಆಳುವವರು ತಂದ ದೊಡ್ಡ ದೊಡ್ಡ ಪದಗಳಲ್ಲಿ ಎಷ್ಟೋ ಆಳುವವರ ಹಿಂದೆಯೇ ಹೋದವು. ಜರಾಕ್ಕೆ ಯಾವ ಸರ್ಕಾರವೂ ಆಜ್ಞೆ ಹೊರಡಿಸಿರಲಿಲ್ಲ, ಅದನ್ನು ರದ್ದು ಮಾಡಲು ಯಾರಿಗೂ ಬರಲಿಲ್ಲ.

ನಮ್ಮಲ್ಲಿ ಅಳತೆ ಸವೆದು ಬರಿಯ ಮಾತಾಯಿತು, ಇಂಗ್ಲಿಷಿನಲ್ಲಿ ಇದು ಹಿಂದುಮುಂದಾಗಿ ನಡೆದಿದೆ. ಅವರ ‘ಬಿಟ್’ ಮೂಲದಲ್ಲಿ ಒಂದು ಕಚ್ಚು. ಕಚ್ಚುವುದು ಎಂಬ ಅರ್ಥದ ಬೈಟ್ ಇದೆಯಲ್ಲ, ಅದರದೇ ಬಳಗ. ಹಲ್ಲಿಗೆ ಬಂದಷ್ಟು ತುಂಡು. ಅಮೆರಿಕದಲ್ಲಿ ಅದು ಸ್ಪೇನಿನ ಡಾಲರಿನ ಎಂಟನೇ ಒಂದು ಭಾಗದ ಹೆಸರಾಯಿತು. ಆಮೇಲೆ ಕಂಪ್ಯೂಟರಿನ ಕಾಲ ಬಂತು. ಸೊನ್ನೆ ಅಥವಾ ಒಂದು, ಇವೆರಡರಲ್ಲಿ ಒಂದನ್ನು ಹೇಳುವ ಅಂಕಿಗೆ ಇಂಗ್ಲಿಷಿನಲ್ಲಿದ್ದ ಎರಡು ಪದಗಳ ಹೆಸರನ್ನು ಜಾನ್ ಟ್ಯೂಕಿ ಎಂಬ ಗಣಿತಜ್ಞರು ಮುರಿದು ಬಿಟ್ ಎಂದು ಮಾಡಿದರು. 1948ರಲ್ಲಿ ಕ್ಲಾಡ್ ಶಾನನ್ ತಮ್ಮ ಹೆಸರಾಂತ ಪ್ರಬಂಧದಲ್ಲಿ ಅದನ್ನು ಬಳಸಿದರು. ಇವತ್ತು ಜಗತ್ತಿನಲ್ಲಿ ಅದಕ್ಕಿಂತ ಕಟ್ಟುನಿಟ್ಟಿನ ಅಳತೆ ಇಲ್ಲ. ಅರಬ್ಬಿಯ ಜರ್ರಾಕ್ಕೂ ಹೀಗೇ ಆಯಿತು, ಈಗಿನ ಅರಬ್ಬಿಯಲ್ಲಿ ವಿಜ್ಞಾನದ ಪರಮಾಣುವಿಗೆ ಅದೇ ಹೆಸರು. ಅದೇ ಪದ ಉರ್ದುವಿಗೆ ಬರುವಾಗ ಎರಡಾಗಿ ಒಡೆಯಿತು. ಒಂದು ‘ಜರ್ರಾ’, ಕಣ ಎಂಬ ಅರ್ಥದಲ್ಲಿ ಕವಿಗಳ ಹತ್ತಿರ ಉಳಿಯಿತು. ಇನ್ನೊಂದು ‘ಜರಾ’, ಮೈಯೂ ಸಣ್ಣದಾಗಿ, ತೂಕವನ್ನೂ ಕಳೆದುಕೊಂಡು, ನಮ್ಮ ಸಂತೆಗೆ ಬಂತು.

ನಮ್ಮ ದಕ್ಷಿಣದ ಪದವೊಂದು ಇಂಗ್ಲಿಷಿಗೆ ಹೋದದ್ದೂ ಉಂಟು. ತಮಿಳಿನ ಕಾಸು, ನಮ್ಮ ಕಾಸು, ಪೋರ್ಚುಗೀಸರ ಬಾಯಲ್ಲಿ ಹೊರಳಿ ಇಂಗ್ಲಿಷರಿಗೆ ‘ಕ್ಯಾಷ್’ ಎಂಬ ಚಿಲ್ಲರೆ ನಾಣ್ಯದ ಹೆಸರಾಯಿತು. ನಗದು ಎಂಬ ಅರ್ಥದ ಕ್ಯಾಷ್ ಬೇರೆ, ಅದು ಪೆಟ್ಟಿಗೆ ಎಂಬ ಅರ್ಥದ ಯುರೋಪಿನ ಪದದಿಂದ ಬಂದದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯದ ಮೇಲೆ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೂ ಇಂಗ್ಲಿಷಿನಲ್ಲಿ ಕ್ಯಾಷ್ ಎಂದೂ ಅಕ್ಕಪಕ್ಕ ಅಚ್ಚಾಗಿದೆ. ಕಾಸಿನ ಜೊತೆಗೆ ನಾವು ಆಡುವ ‘ಕೊಸರು’ ಮಾತ್ರ ಎಲ್ಲೂ ಹೋಗಲಿಲ್ಲ. ಕಾಸಿಗೊಂದು ಕೊಸರಿಗೆರಡು ಎಂಬ ಗಾದೆಯಲ್ಲಿ ಕೂತಿದೆ. ಅಳತೆ ಮುಗಿದ ಮೇಲೆ ಕೈ ತಡೆಯದೆ ಹಾಕುವ ಆ ಒಂದು ಹೆಚ್ಚಿನ ಹಿಡಿ. ನಮ್ಮ ಕಡೆ ಅದನ್ನು ಕೇಳುವುದಕ್ಕೂ ಜರಾ ಬೇಕು: ‘ಜರಾ ಮ್ಯಾಲ ಹಾಕ್ರಿ.’

ಅಕ್ಕನ ಮಗಳನ್ನು ಒಂದು ದಿನ ಕಮಲಾಪುರಕ್ಕೆ ಕರೆದುಕೊಂಡು ಹೋದೆ. ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಸಿಗುವ ಊರು, ಈಗ ತಾಲ್ಲೂಕು ಕೇಂದ್ರ. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬೆಳೆಯುವ ಜಾಗ ಬಹಳ ಸಣ್ಣದು, ಕಮಲಾಪುರ ಮತ್ತು ಸುತ್ತಲಿನ ಕೆಲವೇ ಹಳ್ಳಿಗಳ ತೋಟ. ಬೇರೆ ಬಾಳೆಗಿಂತ ಹೆಚ್ಚು ತಿಂಗಳು ಕಾಯಬೇಕು, ನೀರು ಹೆಚ್ಚು ಬೇಕು, ಬೆಲೆಯೂ ಹೆಚ್ಚು. ಅದಕ್ಕೇ ಇದು ಎಲ್ಲ ಮನೆಯ ಹಣ್ಣಾಗಲಿಲ್ಲ, ಹಬ್ಬಕ್ಕೆ, ಬಾಣಂತಿಗೆ, ಬೀಗರಿಗೆ ಒಯ್ಯುವ ಹಣ್ಣಾಗಿ ಉಳಿಯಿತು. ತಾಮ್ರದ ಚೊಂಬನ್ನು ಹುಣಸೆಹಣ್ಣಿನಲ್ಲಿ ತಿಕ್ಕುವ ಮೊದಲು ಇರುವ ಬಣ್ಣ ಅದರ ಸಿಪ್ಪೆಯದು. ಸುಲಿದರೆ ಒಳಗೆ ಕೆನೆ ಬಣ್ಣ, ಬಾಯಿಗಿಟ್ಟರೆ ಬೆಣ್ಣೆಯ ಹಾಗೆ ಮೆತ್ತಗೆ.

ರಸ್ತೆಯ ಪಕ್ಕ ಚೀಲ ಹಾಸಿ ಕೂತಿದ್ದ ಹೆಣ್ಣುಮಗಳ ಮುಂದೆ ಬ್ಯಾಟರಿಯ ತಕ್ಕಡಿ ಇತ್ತು. ಚುಕ್ಕಿಯ ಆಚೆ ಮೂರು ಅಂಕಿ ತೋರಿಸುವಂಥದ್ದು. ಒಂದು ಕಿಲೋ ಕೇಳಿದೆವು. ಚಿಪ್ಪಿನಿಂದ ಒಂದೊಂದೇ ಹಣ್ಣು ಬಿಡಿಸಿ ಇಟ್ಟಳು. ಕೊನೆಯದನ್ನು ಇಟ್ಟಾಗ ಕೆಂಪು ಅಂಕಿಗಳು ಓಡಿ 1.060ಕ್ಕೆ ಬಂದು ನಿಂತವು. ಹುಡುಗಿ ಫೋನು ತೆಗೆದು ಅರವತ್ತು ಗ್ರಾಮಿನ ಹಣ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕತೊಡಗಿದಳು. ಹಳೆಯ ಲೆಕ್ಕದಲ್ಲಿ ಅದು ಒಂದು ಚಟಾಕು ಎಂದು ನನಗೆ ಹೊಳೆಯಿತು, ಹೇಳುವಷ್ಟರಲ್ಲಿ ಆಕೆ ತಕ್ಕಡಿಯಿಂದ ಹಣ್ಣು ಎತ್ತಿ ಚೀಲಕ್ಕೆ ಹಾಕಿ ಆಗಿತ್ತು.

“ಅಕ್ಕಾ, ಕಿಲೋಕ್ಕಿಂತ ಹೆಚ್ಚದ ಅಲ್ರಿ?” ಎಂದಳು ಹುಡುಗಿ.

“ಜರಾ ಅದ. ಇರ್ಲಿ ಒಯ್ಯಿರಿ,” ಎಂದು ಆಕೆ ಇನ್ನೊಂದು ಹಣ್ಣನ್ನು ಸುಲಿದು, ಮುರಿದು, ಅರ್ಧವನ್ನು ಅವಳ ಕೈಗೆ ಕೊಟ್ಟಳು. “ಜರಾ ತಿಂದ್ ನೋಡ್ರಿ ಮೊದಲ.”